ನಿಮ್ಮ ಗಾಡಿ ಮನೆಗೆ ಬಂತು

ನಮ್ಮ ಗಿರಿಜಾಳ ಅಪ್ಪನಿಗೆ,

ಬಂದು ವಾರವಾಯಿತು, ಮೈನೋವು ಇನ್ನೂ ಇಳಿದಿಲ್ಲ. ಕ್ಲಚ್ ಹಿಡಿದು ಹಿಡಿದು ಎಡಗೈಯಲ್ಲಿ ಎದ್ದ ಬೊಬ್ಬೆ ಒಡೆದು ಈಗ ಒಣಗುತ್ತಿದೆ. ಕಣ್ಣು ಮುಚ್ಚಿದರೆ ಮಂಚವೇ ಮುಂದೆ ಓಡುತ್ತಿದೆ ಅನಿಸುತ್ತದೆ. ನಾನು ನಿಮಗೆ ಕಾಗದ ಬರೆದವಳೇ ಅಲ್ಲ. ನೀವು ವರ್ಷಕ್ಕೊಮ್ಮೆ ಮೋಟಾರ್ ಸೈಕಲ್ ಹತ್ತಿ ಒಬ್ಬರೇ ದೇಶ ತಿರುಗಲು ಹೋಗುತ್ತಿದ್ದಾಗಲೂ ಬರೆದಿರಲಿಲ್ಲ. ಯಾವ ಊರಿಗೆ ಅಂತ ಬರೆಯಬೇಕಿತ್ತು ಹೇಳಿ? ಈಗಲೂ ಅದೇ ತೊಂದರೆ.

ಮಸ್ಕಿಯ ಹೊಲದಲ್ಲಿ ನಿಮ್ಮನ್ನು ಮಣ್ಣು ಮಾಡಿದ ದಿನ ಮರೆಯಲು ಆಗುತ್ತಿಲ್ಲ. ಕಾಶ್ಮೀರಕ್ಕೆ ಅಂತ ಹೊರಟವರು ನೀವು. ಪಠಾಣ್‌ಕೋಟ್‌ನ ಲಾಡ್ಜಿನಲ್ಲಿ ಮಲಗಿದಲ್ಲೇ ಎದೆಬಡಿತ ನಿಂತು, ಹೈದರಾಬಾದಿನ ತನಕ ವಿಮಾನದಲ್ಲಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಊರಿಗೆ ಬಂದಿರಿ. ವಿಭೂತಿ ಹಚ್ಚಿ ನಿಮ್ಮನ್ನು ಕೂಡಿಸಿದ್ದರು. ನಿಮ್ಮ ಅವ್ವ ಅಳುತ್ತಿರಲಿಲ್ಲ. ನನ್ನ ಮುಖ ನೋಡಿ, ಅಷ್ಟೂ ಮಂದಿ ಕೇಳುವ ಹಾಗೆ ಅಂದರು: “ಮನ್ಯಾಗ ಸುಖ ಇದ್ದಿದ್ರ ನನ್ನ ಮಗ ಹಿಂಗ್ಯಾಕ ಊರೂರು ಅಡ್ಯಾಡ್ತಿದ್ದ? ಏನ್ ಕಮ್ಮಿ ಮಾಡಿದ್ದಿ ಅವಗ?” ಉತ್ತರ ಗೊತ್ತಿದ್ದರಲ್ಲವೇ ಹೇಳುವುದು? ಅತ್ತೆ ಬಾಯಿ ಬಿಟ್ಟು ಕೇಳಿದ್ದನ್ನು ನಾನು ಎಷ್ಟೋ ವರ್ಷದಿಂದ ನನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದೆ. ಅವತ್ತಿನಿಂದ ಅವರು ಲಿಂಗಸುಗೂರಿನ ನಮ್ಮ ಮನೆಗೆ ಕಾಲಿಡಲಿಲ್ಲ, ಮಸ್ಕಿಯಲ್ಲಿ ನಿಮ್ಮ ತಮ್ಮನ ಹತ್ತಿರವೇ ಉಳಿದರು.

ದೀಪಾವಳಿ ಮುಗಿದ ಮಾರನೆಯ ದಿನ ಗಿರಿಜಾ ಸಿಂಧನೂರಿನಿಂದ ಬಂದಿದ್ದಳು. ನಿಮ್ಮ ಗಾಡಿ ಇನ್ನೂ ಆ ಲಾಡ್ಜಿನ ಅಂಗಳದಲ್ಲೇ ಇತ್ತು. ಅಲ್ಲೇ ಮಾರಿಬಿಡೋಣ ಅಂತ ನಿಮ್ಮ ತಮ್ಮನ ವಾದ, ಲಾರಿಗೆ ಹಾಕಿಸಿ ತರಿಸೋಣ ಅಂತ ಇವಳದು. “ನಾನ ಹೋಗಿ ಹೊಡ್ಕೊಂಡ್ ಬರ್ತೀನಿ” ಅಂದೆ. ಗಿರಿಜಾ ತಟ್ಟೆಯಿಂದ ಕೈ ಎತ್ತಿ, “ಯವ್ವಾ, ತಲಿ ನೆಟ್ಟಗೈತಿಲ್ಲೋ ನಿಂದು?” ಎಂದಳು. ಯಾಕೆ, ನಾನು ಗಾಡಿ ನಡೆಸದವಳೇ? ಸರ್ಕಾರಿ ನರ್ಸಾಗಿ ಮಳೆಗಾಲದ ಎರೆಮಣ್ಣಿನಲ್ಲಿ ಗುರುಗುಂಟಾ ಸುತ್ತಿನ ಹಳ್ಳಿಗಳಿಗೆಲ್ಲ ಲಸಿಕೆ ಡಬ್ಬಿ ಹೊತ್ತು ಮೊಪೆಡ್ ಮೇಲೆ ತಿರುಗಿದವಳು. ಆದರೆ ನಿಮ್ಮ ಗಾಡಿ ಮುಟ್ಟಲು ಮಾತ್ರ ನೀವು ಬಿಡಲಿಲ್ಲ. “ಅದು ನಿನ್ನ ಟರ್‌ಟರ್ ಗಾಡಿ ಅಲ್ಲ, ಕಾಲಮ್ಯಾಲ ಬಿತ್ತಂದ್ರ ಎಲುಬು ಪುಡಿ” ಅಂತ ಹೆದರಿಸಿದಿರಿ. ಹಾಗಾಗಿ ಹೊರಡುವ ಮೊದಲು ನನ್ನ ತಮ್ಮನ ಗಾಡಿ ತೆಗೆದುಕೊಂಡು, ಮುದಗಲ್ ಕೋಟೆಯ ಹಿಂದಿನ ಬಯಲಿನಲ್ಲಿ ಗೇರು ಹಾಕುವುದು ಕಲಿತೆ. ಬಿದ್ದೆ, ಎದ್ದೆ. ಎಲುಬೇನೂ ಪುಡಿಯಾಗಲಿಲ್ಲ.

ಪಠಾಣ್‌ಕೋಟ್‌ನಲ್ಲಿ ರೈಲು ಇಳಿದಾಗ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಲಾಡ್ಜಿನ ಸರ್ದಾರ್ಜಿ ವಯಸ್ಸಾದ ಮನುಷ್ಯ, ನಿಮ್ಮ ಗಾಡಿಗೆ ತಾಡಪತ್ರಿ ಹೊದಿಸಿ ಇಟ್ಟಿದ್ದರು. ನಮ್ಮ ಕಡೆಯ ಉರ್ದು ಬೆರೆತ ನನ್ನ ಹಿಂದಿ ಕೇಳಿ ನಕ್ಕರು. ಚಹಾ ತರಿಸಿ, ನಿಮ್ಮ ಕೊನೆಯ ಸಂಜೆಯದನ್ನೆಲ್ಲ ಹೇಳಿದರು: ಗಾಡಿ ತೊಳೆದಿರಂತೆ, ದಾಲ್ ಜೊತೆ ಎರಡು ರೊಟ್ಟಿ ತಿಂದಿರಂತೆ, ಮುಂದಿನ ಘಾಟಿನ ರಸ್ತೆ ಹೇಗಿದೆ ಅಂತ ಮತ್ತೆ ಮತ್ತೆ ಕೇಳಿದಿರಂತೆ. ನಾನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ಮನೆಯ ಬಗ್ಗೆ ಏನಾದರೂ ಅಂದರೇ? ಸರ್ದಾರ್ಜಿ ಚಹಾದ ಲೋಟ ಕೆಳಗಿಟ್ಟರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಇಲ್ಲಮ್ಮ, ಬರೀ ರಸ್ತೆ ಮಾತೇ” ಅಂದರು. ಅಲ್ಲರೀ, ಸಾಯುವ ಹಿಂದಿನ ಸಂಜೆ ಘಾಟಿ ನೆನಪಿಗೆ ಬಂತು, ನಾನು ಬರಲಿಲ್ಲವೇ? ಅತ್ತೆ ಅಂದದ್ದು ನಿಜವೇ ಹಾಗಾದರೆ… ಮರುದಿನ ಗಾಡಿ ಶುರು ಮಾಡುವಾಗ ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಕಿಕ್ ಹೊಡೆದ ಕಾಲು ಅಂಬಾಲಾ ತನಕ ನೋಯುತ್ತಿತ್ತು.

ಪಂಜಾಬಿನ ಆ ರಸ್ತೆಗಳು ನೆನಪಾದರೆ ಈಗಲೂ ಕಣ್ಣು ಉರಿಯುತ್ತದೆ. ಕೊಯ್ಲಾದ ಗದ್ದೆಯ ಕೂಳೆಗೆ ಬೆಂಕಿ ಇಟ್ಟಿದ್ದರು, ದಾರಿಯುದ್ದಕ್ಕೂ ಹೊಗೆ. ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಳಿ ನನ್ನನ್ನೂ ಗಾಡಿಯನ್ನೂ ಒಟ್ಟಿಗೇ ಅಂಚಿಗೆ ತಳ್ಳುತ್ತಿತ್ತು. ಸೊಂಟ ಮೊದಲು ನೋಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಆಮೇಲೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇದನ್ನೆಲ್ಲ ನೀವು ಒಂದು ದಿನವೂ ಹೇಳಲಿಲ್ಲ. ಬಂದವರೇ ಬೆಟ್ಟದ ಫೋಟೋ ತೋರಿಸುತ್ತಿದ್ದಿರಿ. ಎಲ್ಲಿ ಹೋದರೂ ಅದೇ ಎಣ್ಣೆ ಪರೋಠ, ಬಾಯಿ ಜೋಳದ ರೊಟ್ಟಿಗೆ ಹಾತೊರೆಯುತ್ತಿತ್ತು. ಗ್ವಾಲಿಯರ್ ಹತ್ತಿರ ಒಂದು ಢಾಬಾದ ಹಗ್ಗದ ಹೊರಸಿನ ಮೇಲೆ ಕುಳಿತು ಗಿರಿಜಾಗೆ ಫೋನ್ ಮಾಡಿ, “ಲಾರಿಗೇ ಹಾಕ್ತೀನಿ ತಾಯಿ, ನನ್ನ ಕೈಲಾಗಂಗಿಲ್ಲ” ಅಂದೆ. ಅವಳು ಹಟ ಮಾಡಲಿಲ್ಲ. “ಹಾಕವಾ, ಯಾರೇನ್ ಅಂತಾರ” ಅಂದಳು. ಯಾರೇನು ಅನ್ನುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಚಹಾ ಕುಡಿದು ಮತ್ತೆ ಹೆಲ್ಮೆಟ್ ಹಾಕಿಕೊಂಡೆ.

ಝಾನ್ಸಿ ದಾಟಿದ ಮೇಲೆ ಒಂದು ಬೆಳಗು ರಸ್ತೆ ಪೂರ್ತಿ ಖಾಲಿ ಇತ್ತು. ಎರಡೂ ಕಡೆ ಮುತ್ತುಗದ ಗಿಡ, ಹೊಸ ಬಿಸಿಲು. ಗಂಡನ ಹೆಸರು ಹೇಳಬಾರದು ಅಂತ ಬೆಳೆದವಳು ನಾನು. ಮದುವೆಯಲ್ಲಿ ಹೆಂಗಸರು ಕಾಡಿದಾಗ ಪ್ರಾಸ ಕಟ್ಟಿ ಒಡಪಿನಲ್ಲಿ ಒಮ್ಮೆ ಹೇಳಿದ್ದೆ, ಅಷ್ಟೇ. ಅವತ್ತು ಹೆಲ್ಮೆಟ್ಟಿನೊಳಗೆ ಬೈಯಲು ಶುರು ಮಾಡಿದವಳು ನಿಮ್ಮ ಹೆಸರು ಹಿಡಿದೇ ಬೈದೆ. ಜೋರಾಗಿ, ಬಾಯಿಗೆ ಬಂದಷ್ಟು ಸಲ. ಬೈದು ಬೈದು ಬಾಯಿ ಒಣಗಿ ಸುಮ್ಮನಾದೆ.

ಆಮೇಲೆ ಏನಾಯಿತೋ ನನಗೇ ಗೊತ್ತಿಲ್ಲ. ಗಾಡಿ ಒಂದೇ ಸಮ ಓಡುತ್ತಿತ್ತು. ಹೊಟ್ಟೆ ಹಸಿದು ನಿಲ್ಲಿಸಿದಾಗ ನೆತ್ತಿ ಮೇಲೆ ಬಿಸಿಲು. ಅಷ್ಟು ಹೊತ್ತು ನನ್ನ ತಲೆಯಲ್ಲಿ ನೀವಿರಲಿಲ್ಲ. ಗಿರಿಜಾ ಇರಲಿಲ್ಲ, ಅತ್ತೆಯ ಮಾತಿರಲಿಲ್ಲ, ಲಿಂಗಸುಗೂರೇ ಇರಲಿಲ್ಲ. ಮೈ ಹಗುರಾಗಿತ್ತು. ಗಂಡ ಸತ್ತು ವರ್ಷ ತುಂಬಿಲ್ಲ, ಖುಷಿಯಾಗಿದ್ದೆ ನಾನು. ನಾನೇನು ನಿಮ್ಮನ್ನು ಬೇಡ ಅಂದಿದ್ದೆನೇ? ನನ್ನ ಮನೆಯಲ್ಲಿ ನನಗೇನು ಕಮ್ಮಿಯಾಗಿತ್ತು? ಏನೂ ಇಲ್ಲ. ಆದರೂ ಮರೆತಿದ್ದೆ. ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತು ಸಾಕಾಗುವಷ್ಟು ಅತ್ತುಬಿಟ್ಟೆ. ನಿಮ್ಮ ಮೇಲಿನ ಸಿಟ್ಟು ಅಲ್ಲಿಗೆ ಹೋಯಿತು ನೋಡಿ.

ನಾಗಪುರ, ಹೈದರಾಬಾದು ದಾಟಿ ರಾಯಚೂರಿನ ಮೇಲೆ ಸಿಂಧನೂರಿಗೆ ಬಂದಾಗ ಇನ್ನೇನು ಮನೆ ಬಂತು ಅಂತ ಮೈ ಬಿಟ್ಟುಕೊಟ್ಟಿದ್ದೆ. ಅಲ್ಲೇ ಎಡವಟ್ಟಾಯಿತು. ಅರ್ಧ ರಸ್ತೆಗೆ ಭತ್ತ ಹರವಿದ್ದರು, ಚಕ್ರ ಕಾಳಿನ ಮೇಲೆ ಹೋಗಿ ಸರ್ರನೆ ಜಾರಿತು. ದೇಶ ದಾಟಿ ಬಂದವಳು ನಮ್ಮೂರ ಭತ್ತದ ಮೇಲೆ ಬಿದ್ದೆ. ಭತ್ತ ಕೆದರುತ್ತಿದ್ದ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹೆಂಗಸು ಓಡಿಬಂದು ಎಬ್ಬಿಸಿದಳು. “ಎಲ್ಲಿಂದ ಬಂದಿಯಮ್ಮಾ?” ಎಂದಳು. ಪಠಾಣ್‌ಕೋಟ್ ಅಂದೆ. “ಅದ್ಯಾವ ತಾಲೂಕು?” ಅಂತ ಕೇಳಿದಳು. ಮೊಣಕೈ ತರಚಿತ್ತು, ಗಾಡಿಯ ಕನ್ನಡಿ ಒಡೆದಿತ್ತು. ಇಬ್ಬರೂ ಅಲ್ಲೇ ಕುಳಿತು ನಕ್ಕೆವು.

ಮಸ್ಕಿಯ ಓಣಿಗೆ ಗಾಡಿ ತಿರುಗಿಸಿದಾಗ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಸದ್ದು ಕೇಳಿ ಮೊರ ಕೆಳಗಿಟ್ಟು ಎದ್ದು ನಿಂತರು. ಎದ್ದ ರೀತಿ ನೋಡಿದರೆ, ಒಂದು ಗಳಿಗೆ ಅವರಿಗೆ ನೀವೇ… ನಾನು ಬೇಗ ಹೆಲ್ಮೆಟ್ ತೆಗೆದೆ. “ನೀನ?” ಎಂದು ಮತ್ತೆ ಕುಳಿತರು. ನಿಮ್ಮ ತಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತ. ನಾನು ಇಳಿದು ಗಾಡಿ ಸ್ಟ್ಯಾಂಡಿಗೆ ಹಾಕಿದೆ. ಕೊನೆಗೆ ನಾನೇ ಅಂದೆ: “ಅತ್ತಿ, ಅವತ್ತ ಕೇಳಿದ್ರಲ್ಲ, ಏನ್ ಕಮ್ಮಿ ಮಾಡಿದ್ದಿ ಅಂತ. ಏನೂ ಕಮ್ಮಿ ಮಾಡಿದ್ದಿಲ್ರೀ. ನಂಗೂ ಏನ್ ಕಮ್ಮಿ ಇಲ್ಲ, ಆದ್ರೂ ದಾರ್‍ಯಾಗ ಅರ್ಧ ದಿನ ನಿಮ್ಮನ್ನೆಲ್ಲ ಮರ್ತು ಆರಾಮ ಇದ್ದೆ. ಅವರೂ ಹಂಗ ಇದ್ದಿರಬೇಕು, ಅಷ್ಟ. ಯಾರ ತಪ್ಪೂ ಅಲ್ಲ ಅದು.”

ಅತ್ತೆ ಮೊರ ಸರಿಸಿ ಎದ್ದರು. ಬಂದು ಟ್ಯಾಂಕಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ, “ಇದರ ಹಿಂದ ನನಗ ಕುಂದ್ರಾಕ ಬರ್ತೈತೇನು?” ಅಂದರು. ನಿಮ್ಮ ತಮ್ಮ, “ಯವ್ವಾ, ಬಿದ್ದುಗಿದ್ದಿ” ಅಂತ ಮುಂದೆ ಬಂದ. “ಬಿದ್ರ ಬೀಳ್ತೀನಿ, ನೀ ಸುಮ್ನಿರಲೇ” ಅಂದರು. ನಾನು ಆಗಲೇ ಒಮ್ಮೆ ಬಿದ್ದು ಬಂದದ್ದನ್ನು ಇಬ್ಬರಿಗೂ ಹೇಳಲಿಲ್ಲ. ಲಿಂಗಸುಗೂರು ಮುಟ್ಟುವ ತನಕ ನನ್ನ ಸೊಂಟವನ್ನು ಎಷ್ಟು ಬಿಗಿ ಹಿಡಿದಿದ್ದರೆಂದರೆ ಜೋಮು ಹಿಡಿದ ಸೊಂಟಕ್ಕೂ ಎಚ್ಚರವಾಯಿತು. ಮೊದಲೆಲ್ಲ “ಸಾವಕಾಶ, ಸಾವಕಾಶ” ಅನ್ನುತ್ತಿದ್ದರು. ಊರು ಹತ್ತಿರ ಬಂದಾಗ ಅದನ್ನೂ ಬಿಟ್ಟಿದ್ದರು.

ಅಂದಿನಿಂದ ಇಲ್ಲಿಯೇ ಇದ್ದಾರೆ. ನನ್ನ ಪಲ್ಯಕ್ಕೆ ಉಪ್ಪು ಸಾಲದು ಅಂತ ಇವತ್ತೂ ಅಂದರು. ಗಾಡಿ ಮಾರುವ ಮಾತು ನಿಂತಿದೆ. ನನಗಂತೂ ಸದ್ಯ ಮಂಚ ಬಿಟ್ಟು ಏಳುವುದೇ ಬೇಡವಾಗಿದೆ. ಆದರೆ ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮೆಲ್ಲಗೆ ಹತ್ತಿರ ಬಂದು ಕುಳಿತು, “ನಿನ್ನ ಕೈ ನೆಟ್ಟಗಾದ ಮ್ಯಾಲ ಗುರುಗುಂಟಾದ ತನಕ ಹೋಗಿ ಬರೂನೇನು?” ಅಂದರು.

“ಗುರುಗುಂಟಾದಾಗ ಏನೈತ್ರೀ ಅತ್ತಿ?”

“ಏನೂ ಇಲ್ಲ” ಅಂದರು ನಿಮ್ಮ ಅವ್ವ. “ಸುಮ್ನ.”