ನಾಲ್ಕನೆಯ ನಾರು

ಹಾನಗಲ್
೧೨-೮-೧೯೭೯

ಪೂಜ್ಯ ಹುಲಗೂರ ಸರ್ ಅವರಿಗೆ ವನಮಾಲಾಳ ನಮಸ್ಕಾರಗಳು.

ಧಾರವಾಡಕ್ಕೆ ಬರುವಾಗ ನಾಲ್ಕನೆಯ ನಾರನ್ನು ಇನ್ನಷ್ಟು ತರಬೇಕೆಂದು ಬರೆದಿದ್ದೀರಿ. ತರಲಾರೆ. ಮೆಕ್ಕೆಜೋಳದ ಪಿಷ್ಟದಿಂದ ನಾವು ಮಾಡಿದ ಹಾಳೆಗೆ ಭತ್ತದ ಹುಲ್ಲು, ಪುಂಡಿನಾರು, ಅಡಿಕೆ ಸಿಪ್ಪೆ ಯಾವುದೂ ಅಷ್ಟು ಬಲ ಕೊಡಲಿಲ್ಲ, ನಿಜ. ಆದರೆ ಪ್ರಯೋಗದ ವಹಿಯಲ್ಲಿ 'ಪ್ರಾಣಿಜನ್ಯ' ಎಂದಷ್ಟೇ ಬರೆದು ನಿಮ್ಮಿಂದ ಮುಚ್ಚಿಟ್ಟದ್ದು ನನ್ನ ತಪ್ಪು. ಅದು ನನ್ನ ಸೋದರತ್ತೆ ಗೋಪಿಕಾಬಾಯಿಯವರ ಕೂದಲು.

ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಐವತ್ತೆರಡು ವರ್ಷ, ತಿಂಗಳಿಗೊಮ್ಮೆ ಹಿತ್ತಲಲ್ಲಿ ಕೂರಿಸಿ ಅವರ ತಲೆ ಬೋಳಿಸುತ್ತಿದ್ದರು. ಉಳಿದ ನಾರುಗಳನ್ನು ನಾನು ಕತ್ತರಿಸಬೇಕಿತ್ತು. ಇದು ಕತ್ತರಿಸಿಯೇ ಸಿಗುತ್ತಿತ್ತು, ಎಲ್ಲ ಒಂದೇ ಅಳತೆ. ಗಂಜಿಯಲ್ಲಿ ಒಂದು ಕೂದಲು ಕಂಡರೆ ಪಾತ್ರೆಸಮೇತ ಹೊರಗಿಡುವ ಮನೆ ನಮ್ಮದು, ಕೇಳಲು ನಾಚಿದ್ದೆ. ಅವರೇ ಗಂಟು ಕಟ್ಟಿ ಕೈಗಿಟ್ಟು, "ನನ್ನ ತಲೀ ಮ್ಯಾಲಂತೂ ಇರಗೊಡಲಿಲ್ಲ. ನಿನ್ನ ಹಾಳ್ಯಾಗರ ಇರಲಿ, ತೊಗೋ" ಅಂದರು.

ಕಳೆದ ಮಂಗಳವಾರ ತೀರಿಕೊಂಡರು. ಕಾಯಿಲೆಯಿಂದಾಗಿ ಎರಡು ತಿಂಗಳು ಬೋಳಿಸಿರಲಿಲ್ಲ. ಶವಕ್ಕೆ ಸ್ನಾನ ಮಾಡಿಸುವ ಮುಂಚೆ ಅಪ್ಪ ಕ್ಷೌರಿಕನನ್ನು ಕರೆಸಿದರು. ಆ ಕೂದಲನ್ನು ನಾನು ಮುಟ್ಟಲಿಲ್ಲ.

ಒಂದೇ ವಿನಂತಿ. ನಮ್ಮ ಪ್ರಬಂಧದ ಕೋಷ್ಟಕಕ್ಕೆ 'ತ್ಯಾಜ್ಯ ವಸ್ತುಗಳು' ಎಂಬ ತಲೆಬರಹವಿದೆ. ಹುಲ್ಲಿಗೂ ಸಿಪ್ಪೆಗೂ ಅದು ಇರಲಿ. ನಾಲ್ಕನೆಯ ಸಾಲನ್ನು ಮಾತ್ರ ದಯವಿಟ್ಟು ಅದರ ಕೆಳಗಿನಿಂದ ತೆಗೆಯಿರಿ.

ಸೂತಕ ಕಳೆದ ಮೇಲೆ ಕೆಲಸಕ್ಕೆ ಬರುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ವನಮಾಲಾ ಆಡೂರ