ದ್ಯಾಮಣ್ಣ ಬಿಚ್ಚಿಸಿದ ವಾಲ್ವು

ಗಾಳಿಕಂಬಗಳು ಉರುಳಿದ ಮೇಲಿನ ಅರವತ್ತನಾಲ್ಕನೇ ವರ್ಷ,
ಎರಡನೇ ಬಿಸಿಲು ತಿಂಗಳ ಮೂವತ್ತೆಂಟನೇ ದಿನ.

ನನ್ನ ಅಜ್ಜನ ಅಜ್ಜನ ಅಪ್ಪನಾದ ದ್ಯಾಮಣ್ಣ ಗಾಣಿಗೇರನಿಗೆ ಸಾವಂತ್ರೆವ್ವ ಬರೆಯುವ ಓಲೆ.

ಮೊದಲು ಕ್ಷಮೆ ಕೇಳುವುದು ನಮ್ಮ ಕಾಲದ ರೀತಿ. ಮೇಲಿನ ತಾರೀಖು ನಿನಗೆ ತಿಳಿಯದು. ಮೂವತ್ತೆಂಟು ದಿನದ ತಿಂಗಳು ಎಲ್ಲಾದರೂ ಉಂಟೇ ಎಂದು ನಗಬಹುದು. ಬಿಸಿಲು ಇಳಿಯುವ ತನಕ ತಿಂಗಳು ಮುಗಿಯಿತೆಂದು ನಾವು ಒಪ್ಪುವುದಿಲ್ಲ, ಅಷ್ಟೇ. ನಿನ್ನ ಪಂಚಾಂಗದಲ್ಲಿ ಇದು ಎರಡು ಸಾವಿರದ ನೂರಾ ಅರವತ್ತರ ಆಚೀಚೆ ಬರುತ್ತದೆ. ನನ್ನ ಮಾತುಗಳಲ್ಲಿ ಕೆಲವು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ಕ್ಷಮೆ ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಬರೆಯುವ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ಕೇಳಬೇಕಾದವನು ನೀನು.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಿರಿಯರಿಂದ ಬಂದ ಸಾಮಾನು ಕೈಕೊಟ್ಟಾಗ ಅದರ ಮೊದಲ ಒಡೆಯನಿಗೆ ಬರೆದು, ಆ ಸಾಮಾನಿನೊಳಗೇ ತುರುಕಿಡುವ ಓಲೆ. ಸಾಮಾನಿನ ಮೂಲಕ ಅದು ಹಿಂದಕ್ಕೆ ನಡೆದು ಒಡೆಯನ ಕೈ ಸೇರುತ್ತದೆ ಎಂದು ನಮ್ಮ ಆಯಿ, ಅಂದರೆ ನನ್ನಪ್ಪನ ತಾಯಿ ಕಾಶವ್ವ, ಗಟ್ಟಿಯಾಗಿ ನಂಬಿದ್ದಾಳೆ. ಜನ ಇದರಲ್ಲಿ ಹೊಗಳುವುದೇ ಹೆಚ್ಚು. ನೀವು ಬಿಟ್ಟುಹೋದ ಹೊಲಿಗೆ ಯಂತ್ರ ಐದು ತಲೆಮಾರಿನ ಮೈ ಮುಚ್ಚಿತು, ಪುಣ್ಯವಂತರು ನೀವು, ಹೀಗೆಲ್ಲ ಬರೆಯುತ್ತಾರೆ. ನನಗೂ ಹಾಗೇ ಬರೆ ಎಂದಳು ಆಯಿ. "ಹಿರ್‍ಯಾರಿಗೆ ಬರಿಯೂದೈತಿ, ಸ್ವಲ್ಪ ಸಮಾಧಾನಲೇ ಬರಿಯವ್ವ" ಎಂದು ಎರಡೆರಡು ಸಲ ಹೇಳಿದಳು. ಸಮಾಧಾನ ನನ್ನ ಹತ್ತಿರ ಇಲ್ಲ.

ವಿಷಯ ಇಷ್ಟು. ನನ್ನ ತಂಗಿ ಫಕೀರವ್ವನಿಗೆ ಎಂಟು ತಿಂಗಳು ತುಂಬಿದೆ. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ. ಸೂಲಗಿತ್ತಿ ಕೈಯಿಟ್ಟು ನೋಡಿ, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದಿದ್ದಾಳೆ. ಕೊಯ್ಯುವ ಆಸ್ಪತ್ರೆ ಇರುವುದು ಕಪ್ಪತಗುಡ್ಡದ ಏರು ದಾಟಿ, ಐವತ್ತೆರಡು ಕಿಲೋಮೀಟರ್ ಆಚೆ. ಎತ್ತಿನ ಬಂಡಿಯಲ್ಲಿ ಎರಡು ದಿನದ ದಾರಿ. ಆ ಕುಲುಕಾಟಕ್ಕೆ ನಡುದಾರಿಯಲ್ಲೇ ಬೇನೆ ಎದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ನಮ್ಮೂರಿನಿಂದ ಅಲ್ಲಿಗೆ ಹೋಗಬಲ್ಲ ಎಂಜಿನ್ ಒಂದೇ ಒಂದು. ನೀನು ಮೂರನೇ ಕೈಯಲ್ಲಿ ಕೊಂಡು, ಸಂತೆಯಿಂದ ಸಂತೆಗೆ ಸ್ಟೀಲ್ ಪಾತ್ರೆ ಹೇರಿಕೊಂಡು ತಿರುಗಿದ ಸಣ್ಣ ಡೀಸೆಲ್ ವ್ಯಾನು. ಇನ್ನು ಇಪ್ಪತ್ತು ದಿನದೊಳಗೆ ಅದು ಐವತ್ತೆರಡು ಕಿಲೋಮೀಟರ್ ನಿಲ್ಲದೆ ಓಡಬೇಕು. ಈಗ ಹದಿನೆಂಟಕ್ಕೆ ನಿಲ್ಲುತ್ತದೆ.

ನಿನ್ನ ವ್ಯಾನಿನ ಆಮೇಲೆ ಬಂದ ಹೊಸ ಗಾಡಿಗಳೆಲ್ಲ ಏನಾದವು ಎಂದು ಕೇಳಬಹುದು. ನಿನ್ನ ನಂತರದವರು ಓಡಿಸಿದ್ದು ಬೀಗಬಂಡಿಗಳನ್ನು. ದೂರದ ಯಾವುದೋ ಕೋಣೆಯಿಂದ ಅಪ್ಪಣೆ ಬಂದರೆ ಮಾತ್ರ ಚಾಲೂ ಆಗುವ ಗಾಡಿಗಳವು. ಒಂದು ದಿನ ಬೆಳಿಗ್ಗೆ ಅಪ್ಪಣೆ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ನಿಂತ ಗಾಡಿಗಳು ನಿಂತಲ್ಲೇ ಉಳಿದವು. ಅವುಗಳಲ್ಲಿ ನಾವೀಗ ಕೋಳಿ ಸಾಕುತ್ತೇವೆ, ಕೋಳಿಗಳಿಗೆ ಸೀಟು ಬಹಳ ಹಿಡಿಸಿದೆ. ನಿನ್ನ ವ್ಯಾನಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ. ಎಣ್ಣೆ, ಗಾಳಿ, ಒಂದು ಬ್ಯಾಟರಿ ಇದ್ದರೆ ಸಾಕು. ಈ ಒಳ್ಳೆಯ ಮಾತು ಗಾಡಿಗೆ ಸಲ್ಲುತ್ತದೆ, ನಿನಗಲ್ಲ.

ಹಳೆಯ ಗಾಡಿ ಸಾಕುವುದು ಎಂಥ ಕೆಲಸ ಎಂದು ನಿನಗೂ ಸ್ವಲ್ಪ ಗೊತ್ತಿದ್ದೀತು. ಫ್ಯಾನ್ ಬೆಲ್ಟನ್ನು ನಾವು ಎಮ್ಮೆ ತೊಗಲಿನಲ್ಲಿ ಹೊಲಿಯುತ್ತೇವೆ, ನಾಲ್ಕು ವಾರಕ್ಕೊಂದು ಬೇಕು. ಎಂಜಿನ್ ಕೂರುವ ರಬ್ಬರಿನ ಜಾಗಕ್ಕೆ ಬೀಗಬಂಡಿಗಳ ಟೈರಿನ ತುಂಡು ಬಂದಿದೆ. ಪಿಸ್ಟನ್ ರಿಂಗುಗಳನ್ನು ಕಮ್ಮಾರ ದಾವಲಸಾಬ ಎರಕ ಹೊಯ್ದು, ಮೂರು ದಿನ ಕಲ್ಲಿಗೆ ಉಜ್ಜಿ ಕೊಡುತ್ತಾನೆ. ಡೀಸೆಲ್ ಎಂಬುದು ನನ್ನ ಅಜ್ಜನ ಅಪ್ಪನ ಕಾಲಕ್ಕೇ ಮುಗಿದುಹೋಯಿತು, ನಾವು ಓಡಿಸುವುದು ಹೊಂಗೆ ಎಣ್ಣೆಯಲ್ಲಿ. ನಸುಕಿನಲ್ಲೆದ್ದು ಗಾಣ ಹೂಡಿ, ಎಣ್ಣೆಯನ್ನು ಏಳು ಮಡಿಕೆಯ ಹತ್ತಿ ಸೀರೆಯಲ್ಲಿ ಸೋಸಿ, ಎರಡು ದಿನ ಗಷ್ಟು ಇಳಿಯಲು ಬಿಟ್ಟು, ಮತ್ತೆ ಸೋಸಬೇಕು. ಪೈಪಿನಲ್ಲಿ ಏರ್ ಹಿಡಿಯಿತೋ, ಕೈಪಂಪು ಒತ್ತುತ್ತ ಗುಳ್ಳೆ ಹೋಗುವ ತನಕ ಕೂತಿರಬೇಕು. ನನ್ನ ಹೆಬ್ಬೆರಳು ಸೊಟ್ಟಗಾಗಿರುವುದು ಅದರಿಂದಲೇ. ಇದನ್ನೆಲ್ಲ ದೂರು ಎಂದು ಬರೆಯುತ್ತಿಲ್ಲ. ಮುಪ್ಪಾದ ಗಾಡಿ ಕೇಳುವುದನ್ನು ಕೊಡಲೇಬೇಕು, ಕೊಟ್ಟಿದ್ದೇವೆ.

ಆದರೆ ಹೊಂಗೆ ಎಣ್ಣೆ ದಪ್ಪ. ಎಂಜಿನ್ ಚೆನ್ನಾಗಿ ಕಾದು, ಆ ಬಿಸಿನೀರು ಎಣ್ಣೆ ಟ್ಯಾಂಕನ್ನೂ ಸುತ್ತಿ ಬಂದರೆ ಮಾತ್ರ ಅದು ತೆಳ್ಳಗಾಗಿ ಪೂರ್ತಿ ಉರಿಯುತ್ತದೆ. ಕಾಯದಿದ್ದರೆ ಅರ್ಧ ಉರಿದು, ಅರ್ಧ ಅಂಟಾಗಿ, ಎಣ್ಣೆ ಚಿಮ್ಮಿಸುವ ನೋಝಲ್‌ಗಳ ಬಾಯಿ ಕಟ್ಟುತ್ತದೆ. ನಮ್ಮ ಮನೆಯ ವ್ಯಾನು ಎಂದೂ ಕಾದದ್ದಿಲ್ಲ. ಅಯ್ಯೋ, ಅದೇ ನಮ್ಮ ಮನೆತನದ ಹೆಮ್ಮೆ ಕಣಯ್ಯಾ! ಗಾಣಿಗೇರರ ಗಾಡಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂದು ನಾಲ್ಕೂರಿನವರು ಹೇಳುತ್ತಿದ್ದರು. ಈ ಮನೆಗೆ ಬಂದ ಹೊಸ ಸೊಸೆ, ಓಡಿ ಬಂದು ನಿಂತ ವ್ಯಾನಿನ ಬಾನೆಟ್ ಮೇಲೆ ಅಂಗೈ ಇಡಬೇಕು, ಅಂಗೈ ಸುಡಬಾರದು, ಆಮೇಲೆ ಅವಳನ್ನು ಒಳಗೆ ಕರೆಯುತ್ತಾರೆ. ಆಯಿಯೂ ಹಾಗೇ ಬಂದವಳು. "ಕೈ ಸುಡಲಿಲ್ಲ ನೋಡು, ದ್ಯಾಮಣ್ಣಜ್ಜನ ಪುಣ್ಯೇ" ಎಂದು ಇವತ್ತಿಗೂ ಹೇಳುತ್ತಾಳೆ. ಹೊಟ್ಟೆ ತಣ್ಣಗಿರಲಿ, ಮನೆ ತಣ್ಣಗಿರಲಿ ಎಂದು ಹರಸುವ ಜನ ನಾವು. ತಣ್ಣಗಿರುವುದೇ ರೋಗ ಎಂದು ಯಾರಿಗೆ ಹೊಳೆಯಬೇಕು?

ನನ್ನಪ್ಪನಿಗೆ ಹೊಳೆಯಲಿಲ್ಲ. ನೋಝಲ್ ಕಟ್ಟಿದಾಗಲೆಲ್ಲ ಅವನು ತನ್ನ ಗಾಣವನ್ನೇ ಬೈದುಕೊಂಡ. "ತಪ್ಪು ನಂದೈತಿ, ನನ್ನ ಎಣ್ಯಾಗ ಕಸ ಐತಿ" ಎನ್ನುತ್ತಿದ್ದ. ಸಾಯುವ ಹಿಂದಿನ ವಾರ, ಎದ್ದು ನಿಲ್ಲಲೂ ಆಗದಿದ್ದವನು, ಸೀರೆಗೆ ಎಂಟನೇ ಮಡಿಕೆ ಹಾಕಿ ಸೋಸುತ್ತ ಕೂತಿದ್ದ. ಅವನ ಎಣ್ಣೆ ಕನ್ನಡಿಯಷ್ಟು ಚೊಕ್ಕಟವಾಗಿತ್ತು. ಅದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಫಕೀರವ್ವನ ಮೊದಲ ಕೂಸೂ ಹೀಗೇ ಅಡ್ಡ ತಿರುಗಿತ್ತು. ಬೆಳಗಾಗುತ್ತಲೇ ಅವಳನ್ನು ಹಿಂದೆ ಮಲಗಿಸಿಕೊಂಡು ಹೊರಟೆ. ಹದಿನೆಂಟು ಕಿಲೋಮೀಟರ್ ಆದ ಮೇಲೆ ಬಿಳಿ ಹೊಗೆ ಕಾರಿ, ಎರಡು ಸಲ ಕೆಮ್ಮಿ ಗಾಡಿ ನಿಂತಿತು. ಇಳಿದು ಬಾನೆಟ್ ಮೇಲೆ ಅಂಗೈ ಇಟ್ಟೆ. ಸುಡಲಿಲ್ಲ. ಹಾಗಾದರೆ ಎಂಜಿನ್ನಿಗೆ ಏನೂ ಆಗಿಲ್ಲ ಎಂದುಕೊಂಡು, ಎಣ್ಣೆ ಪೈಪುಗಳನ್ನು ಬಿಚ್ಚಿ, ಊದಿ, ಜೋಡಿಸಿ, ಏರ್ ತೆಗೆಯುತ್ತ ಒಂದು ತಾಸು ಕಳೆದೆ. "ಅಕ್ಕಾ, ಯಾಕ ನಿಂತ್ತು? ಹೋಗೂಣು ನಡಿಯ" ಎಂದು ಅವಳು ಒಳಗಿನಿಂದ ಕೇಳುತ್ತಲೇ ಇದ್ದಳು. ಈಗ ಹೋಗತೈತಿ, ಈಗ ಹೋಗತೈತಿ ಎಂದು ನಾನು ಸುಳ್ಳು ಹೇಳುತ್ತಲೇ ಇದ್ದೆ. ಕೊನೆಗೆ ಯಾರದೋ ಬಂಡಿ ಸಿಕ್ಕಿ ಆಸ್ಪತ್ರೆ ಮುಟ್ಟಿದೆವು. ಅವಳೊಬ್ಬಳೇ ಉಳಿದಳು. ಗಂಡು ಕೂಸು, ತಲೆ ತುಂಬ ಕೂದಲಿತ್ತು. ಆ ಒಂದು ತಾಸು ನನ್ನ ತಲೆಯಿಂದ ಇವತ್ತಿಗೂ ಇಳಿದಿಲ್ಲ.

ಒಂಬತ್ತು ದಿನದ ಹಿಂದೆ ದಾವಲಸಾಬ ಕೋಳಿಗೂಡಿಗೆ ಹಾಸಿದ್ದ ಹಳೆಯ ಕಾಗದಗಳಲ್ಲಿ ಒಂದು ಹಾಳೆ ಹಿಡಿದು ಓಡಿ ಬಂದ. ನಿನ್ನ ವ್ಯಾನಿನ ಎಂಜಿನ್ನನ್ನು ಬಿಡಿಬಿಡಿಯಾಗಿ ಬರೆದ ಚಿತ್ರ, ಒಂದೊಂದು ಬಿಡಿಭಾಗಕ್ಕೂ ಒಂದೊಂದು ನಂಬರು. ಇಬ್ಬರೂ ಕೂತು ತಾಳೆ ನೋಡಿದೆವು. ಹದಿಮೂರು, ನೀರಿನ ಬಾಗುಪೈಪು, ಇದೆ. ಹದಿನೈದು, ಅದರ ಕೆಳಗಿನ ಗ್ಯಾಸ್ಕೆಟ್, ಇದೆ. ನಡುವೆ ಹದಿನಾಲ್ಕು. ಥರ್ಮೋಸ್ಟಾಟ್ ವಾಲ್ವು. ನೀರು ಕಾಯುವ ತನಕ ಬಾಯಿ ಮುಚ್ಚಿಕೊಂಡಿದ್ದು, ಅದನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನಿನಲ್ಲೇ ಸುತ್ತಿಸಿ, ಕಾದ ಮೇಲೆ ಬಾಯಿ ತೆರೆಯುವ ಸಾಮಾನು. ಬಾಗುಪೈಪು ಬಿಚ್ಚಿ ಬೆರಳು ಹಾಕಿದೆ. ವಾಲ್ವು ಕೂರುವ ತೋಡು ಇದೆ, ಕೂತಿದ್ದ ಗುರುತಿದೆ. ಒಳಗೆ ಖಾಲಿ.

ನಿನ್ನ ಗಾಡಿ ಪುಸ್ತಕ ನಮ್ಮ ದೇವರ ಜಗಲಿಯ ಮೇಲಿದೆ. ಅದಕ್ಕೆ ಹೂವು ಏರಿಸುತ್ತಾರೆ, ಓದುವುದಿಲ್ಲ. ಆಯಿ ಬೇಡಬೇಡವೆಂದರೂ ಇಳಿಸಿ, ಕುಂಕುಮ ಝಾಡಿಸಿ ಓದಿದೆ. ನಿನ್ನದೇ ಕೈಬರಹ. "ಮಿಸ್ತ್ರಿ ಹೇಳಿದ, ನಮ್ಮ ಬಿಸಲಿಗೆ ಈ ವಾಲ್ವ್ ಯಾಕ್ ಬೇಕ್ರಿ, ಥಂಡಿ ದೇಶದವ್ರ ಸಲುವಾಗಿ ಮಾಡಿದ್ದದು ಅಂತ. ಖರೇ ಅನಿಸ್ತು. ತಗಸಿದೆ. ಗಾಡಿ ಈಗ ತಣ್ಣಗ ಓಡಾಕತ್ತೈತಿ. ವಾಲ್ವ್ ಹೊಸಾದೈತಿ, ಒಗಿಲಿಲ್ಲ, ಮನಿಗೆ ತಂದೆ."

ಥೂ ನಿನ್ನ! ಖರೇ ಅನಿಸಿತಂತೆ. ಗಾಡಿ ಮಾಡಿದವರು ಹಿತ್ತಾಳೆ ಹೆಚ್ಚಾಗಿ ಅದನ್ನಲ್ಲಿ ಇಟ್ಟಿದ್ದರೇನು? ಯಾಕಿಟ್ಟಿದ್ದಾರೆ ಎಂದು ಒಂದು ಮಾತು ಕೇಳಲು ನಿನ್ನ ಗಂಟೇನು ಹೋಗುತ್ತಿತ್ತು? ನಿನ್ನ ಡೀಸೆಲಿಗೆ ನಡೆಯಿತು. ಎಂಜಿನ್ ತಣ್ಣಗಿದ್ದುದಕ್ಕೆ ಸ್ವಲ್ಪ ಹೆಚ್ಚು ಕುಡಿದಿರಬೇಕು, ನಿನಗೆ ಅದರ ಗಮನವೂ ಇರಲಿಲ್ಲ. ಹಾರ ಹಾಕಿದ ವ್ಯಾನಿನ ಪಕ್ಕ ಮೀಸೆ ತಿರುವಿಕೊಂಡು ನಿಂತ ನಿನ್ನ ಫೋಟೋ ಆ ಪುಸ್ತಕದಲ್ಲೇ ಇದೆ. ಅದನ್ನು ಬೋರಲು ಹಾಕಿ ಇಟ್ಟಿದ್ದೇನೆ. ನೀನು ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ನೀನು ಒಳ್ಳೆಯ ಮನಸ್ಸಿನಿಂದಲೇ, ಗಾಡಿಯ ಮೇಲಿನ ಪ್ರೀತಿಗೇ ಇದನ್ನು ಮಾಡಿದ್ದೀಯ, ಅದನ್ನು ಸಹಿಸುವುದು ನನಗೆ ಇನ್ನೂ ಕಷ್ಟ.

ನಾವೇ ಒಂದು ಮಾಡಿಕೊಳ್ಳಬಾರದೇ ಎನ್ನಬೇಡ. ಆ ವಾಲ್ವಿನ ಹೊಟ್ಟೆಯಲ್ಲಿ ಒಂದು ಜಾತಿಯ ಮೇಣವಿದೆ, ಅದು ಕರಗಿ ಉಬ್ಬಿದಾಗ ಬಾಯಿ ತೆರೆಯುತ್ತದೆ. ದಾವಲಸಾಬ ತಾಮ್ರದ ಡಬ್ಬಿ ಮಾಡಿ ಜೇನುಮೇಣ ತುಂಬಿದ. ಅದು ಬೇಗ ಕರಗಿತು, ಬೆಸುಗೆಯಲ್ಲಿ ಸೋರಿತು. ನಾಲ್ಕು ಸಲ ಮಾಡಿದ, ನಾಲ್ಕೂ ಸೋರಿದವು. ಕಡೆಗೆ ರೇಡಿಯೇಟರಿನ ಮುಂದೆ ಗೋಣಿತಟ್ಟು ಕಟ್ಟಿ, ಗಾಳಿ ತಡೆದು ಓಡಿಸಿ ನೋಡಿದೆವು. ಬಯಲಿನಲ್ಲಿ ಚೆನ್ನಾಗಿ ಕಾದು, ಹಾಡುತ್ತ ಓಡಿತು. ಗುಡ್ಡದ ಏರಿನಲ್ಲಿ ನೀರು ಕುದ್ದು, ಹೆಡ್ಡಿನ ಗ್ಯಾಸ್ಕೆಟ್ ಸುಟ್ಟಿತು. ಈಗ ಹಾಕಿರುವುದು ನಮ್ಮಲ್ಲಿದ್ದ ಕೊನೆಯ ಗ್ಯಾಸ್ಕೆಟ್. ಇನ್ನೊಂದು ಸಲ ಅಂದಾಜಿನಲ್ಲಿ ಓಡಿಸಿ ನೋಡುವ ಹಾಗಿಲ್ಲ. ಹೊಸದೇ ಆದ, ನೀರಿನಲ್ಲಿ ಹೆಚ್ಚು ದಿನ ನೆನೆಯದ ಆ ಹದಿನಾಲ್ಕನೇ ನಂಬರಿನ ಸಾಮಾನೇ ಬೇಕು. ಅದು ನಿನ್ನ ಹತ್ತಿರ ಇದೆ.

ಆದ್ದರಿಂದ ಬಾಯಿ ಮುಚ್ಚಿಕೊಂಡು ನಾನು ಹೇಳಿದ್ದನ್ನು ಮಾಡು. ಮನೆಯಲ್ಲಿ ಇಡಬೇಡ. ನಿನ್ನ ಮನೆ ನನ್ನ ಅಜ್ಜನ ಕಾಲಕ್ಕೆ ಬಿದ್ದುಹೋಗಿ, ಅದರ ಕಲ್ಲುಗಳು ಕೆರೆಯ ಏರಿಗೆ ಹೋದವು. ನಿನ್ನದು ಎಂಬುದರಲ್ಲಿ ಆ ಪುಸ್ತಕ ಬಿಟ್ಟರೆ ಈ ವ್ಯಾನೊಂದೇ ಉಳಿದದ್ದು. ವ್ಯಾನಿನಲ್ಲೂ ಎಲ್ಲೆಂದರಲ್ಲಿ ಇಡಬೇಡ. ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಸೀಟಿನಡಿ, ಸ್ಟೆಪ್ನಿಯ ಜಾಗ, ಎಲ್ಲವನ್ನೂ ಐದು ತಲೆಮಾರು ಸಾವಿರ ಸಲ ಕೆದಕಿದೆ. ಯಾರೂ ಬಿಚ್ಚದ ಜಾಗ ಒಂದೇ ಇದೆ. ಹಿಂದಿನ ಎಡಗಡೆ ಚಕ್ರದ ಮೇಲೆ, ಒಳಮೈಗೆ ಹೊಡೆದ ತಗಡು, ಎಂಟು ರಿವೆಟ್ಟು. ಆ ರಿವೆಟ್ಟುಗಳು ಗಾಡಿ ಮಾಡಿದವರದೋ ನಿನ್ನವೋ ನನಗೆ ಗೊತ್ತಿಲ್ಲ. ವಾಲ್ವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟು. ನಿಮ್ಮಲ್ಲಿ ಅದಕ್ಕೇನೂ ಬರವಿರಲಿಲ್ಲವಲ್ಲ. ತಗಡು ಬಿಚ್ಚಿ, ಒಳಗಿಟ್ಟು, ಗಟ್ಟಿಯಾಗಿ ಹೊಡೆ. ಅರ್ಧ ದಿನದ ಕೆಲಸ. ಸಂತೆ ಒಂದು ತಪ್ಪಿದರೆ ತಪ್ಪಲಿ.

ಆ ತಗಡನ್ನು ನಾನು ತಟ್ಟಿಯೂ ನೋಡಿಲ್ಲ. ಒಳಗೆ ಏನಾದರೂ ಅಲುಗಾಡುತ್ತದೋ ಇಲ್ಲವೋ ತಟ್ಟಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ನಿನಗೆ ಮಾಡಲು ಏನೂ ಉಳಿಯುವುದಿಲ್ಲ. ದಾವಲಸಾಬ ಈಗಲೇ ಬಿಚ್ಚೋಣ ಎಂದ. ನಾನೇ ಬೇಡ, ಓಲೆ ಮೊದಲು ಹೋಗಲಿ ಎಂದೆ. ಹಿಂದೋಲೆ ಹಿಂದಕ್ಕೆ ನಡೆಯುತ್ತದೆ ಎಂಬುದನ್ನು ನಾನು ನಂಬಿದವಳಲ್ಲ. ಇವತ್ತೊಂದು ದಿನ ನಂಬುತ್ತೇನೆ. ನಿನಗೆ ಒಂದು ಇಡೀ ಆಯುಷ್ಯವಿದೆ, ನನಗೆ ಇಪ್ಪತ್ತು ದಿನ.

ನಾಳೆ ಹೊತ್ತು ಮೂಡುತ್ತಲೇ ರಿವೆಟ್ಟುಗಳನ್ನು ಕೊರೆಯುತ್ತೇವೆ. ಫಕೀರವ್ವ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ವ್ಯಾನಿನ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ಕೂತು, ನಾನು ತಗಡಿನ ಹಿಂದೆ ಕೈ ಹಾಕುವುದನ್ನೇ ನೋಡುತ್ತಿರುತ್ತಾಳೆ. ಬರಿಗೈ ಹೊರಗೆ ತೆಗೆದು ಅವಳಿಗೆ ತೋರಿಸುವ ಹೊತ್ತು ನನಗೆ ತರಬೇಡ, ಅಜ್ಜಾ. ಇಟ್ಟಿರು.

ಸಾವಂತ್ರೆವ್ವ