ಪಾಸ್ಟರ್ ಆಗಲು ಹೊರಟವರ ಹೆಂಡತಿ

ಯಾಂಕ್ಟನ್, ದಕ್ಷಿಣ ಡಕೋಟಾ
27 ಅಕ್ಟೋಬರ್ 1991, ಭಾನುವಾರ

ನನ್ನ ಮುದ್ದು ಬ್ರೆಂಟ್,

ಹೇಗಿದ್ದೀಯಪ್ಪಾ? ಕೋಡಿಯಾಕ್ ದ್ವೀಪದಲ್ಲಿ ಆಗಲೇ ಹಿಮ ಬಿತ್ತೇ? ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಮಂಜುಗಡ್ಡೆಯ ನಡುವೆ ನಿಲ್ಲುವವನು ನೀನು, ಎಡಗಿವಿಗೆ ಹತ್ತಿ ಇಟ್ಟುಕೊಂಡು ಉಣ್ಣೆ ಟೋಪಿ ಎಳೆದುಕೊ. ಚಳಿಗೆ ಅದು ಈಗಲೂ ನೋಯುತ್ತದೆಯೇ? ಹೋದ ಸಲ ನೀನು ಕಿವಿಯ ಮಾತೇ ಎತ್ತಿರಲಿಲ್ಲ. ನೀನು ಬರೆಯದೆ ಬಿಟ್ಟದ್ದೇ ನನ್ನನ್ನು ಹೆಚ್ಚು ಕಾಡುತ್ತದೆ. ನನ್ನ ಆರೋಗ್ಯ ಪರವಾಗಿಲ್ಲ, ಮಂಡಿನೋವು ಇದ್ದದ್ದೇ.

ನಿನ್ನ ಅಪ್ಪ ಪಾಸ್ಟರ್ ಆಗಲು ಹೊರಟಿದ್ದರು. ನಗಬೇಡ. ನಮ್ಮ ಹಳೆಯ ಪಾಸ್ಟರ್ ಹೋದ ಮೇಲೆ ವರ್ಷವೆಲ್ಲ ಇವರೇ ಚರ್ಚಿನಲ್ಲಿ ಭಾನುವಾರದ ಪ್ರಸಂಗ ಓದುತ್ತಿದ್ದರು. ಆ ದನಿ ನಿನಗೆ ಗೊತ್ತೇ ಇದೆ. ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆಯುತ್ತಿದ್ದರು. ಕ್ಯಾನ್ಸರಿನಿಂದ ಮಲಗಿದ್ದ ಆರ್ವಿಡ್ ತಾತನ ಮಂಚದ ಪಕ್ಕ ಇವರು ದಿನಗಟ್ಟಲೆ ಕೂತದ್ದೂ ನಿಜ, ಅದನ್ನು ಮುಚ್ಚಿಡಲಾರೆ. ಚರ್ಚಿನ ಸಭೆಯವರೇ ಮುಂದಾಗಿ, ನಲವತ್ತೇಳಾದರೇನು, ನೀವೇ ಗುರುದೀಕ್ಷೆ ತೆಗೆದುಕೊಳ್ಳಿ ಎಂದರು. ಆದರೆ ಅದಕ್ಕೂ ಮೊದಲು ಮಿನಿಯಾಪೊಲಿಸ್‌ನ ಒಂದು ಕೇಂದ್ರದಲ್ಲಿ ಮೂರು ದಿನದ ಪರೀಕ್ಷೆ ಇರುತ್ತದೆ. ಈ ಕೆಲಸಕ್ಕೆ ಮನುಷ್ಯ ಒಗ್ಗುತ್ತಾನೋ ಇಲ್ಲವೋ ಎಂದು ನೋಡುತ್ತಾರೆ. ಹೆಂಡತಿಯೂ ಬರಬೇಕಂತೆ. ಯಾಕೆಂದು ನಾನು ಕೇಳಲಿಲ್ಲ, ಒಳ್ಳೆಯ ನೀಲಿ ಉಡುಪು ಇಸ್ತ್ರಿ ಮಾಡಿಕೊಂಡು ಹೊರಟೆ.

ಅಲ್ಲಿದ್ದವರು ಡಾಕ್ಟರ್ ನೈಕ್ವಿಸ್ಟ್ ಎಂಬ ಮನಶ್ಶಾಸ್ತ್ರಜ್ಞೆ. ಅರವತ್ತರ ಹತ್ತಿರದವರು, ಬಾಯಲ್ಲಿ ಸದಾ ಪೆಪ್ಪರ್‌ಮಿಂಟ್. ನಿನ್ನ ಅಪ್ಪ ಕುರ್ಚಿ ಎಳೆದುಕೊಂಡು, “ಏನ್ ಡಾಕ್ಟ್ರೇ, ನನ್ನ ತಲೇಲಿ ಎಷ್ಟು ಹುಳ ಇದೆ ಅಂತ ಎಣಿಸ್ತೀರಾ?” ಎಂದರು. ಆಕೆ ಮನಸಾರೆ ನಕ್ಕರು. ನೂರಾರು ಪ್ರಶ್ನೆಗಳಿಗೆ ಇವರು ಸೀಟಿ ಹೊಡೆಯುತ್ತ ಗುರುತು ಹಾಕಿದರು. ಸಂಜೆ ಊಟಕ್ಕೆ ಹೋದಾಗ ನನಗೆ ಸೇಬಿನ ಪೈ ತರಿಸಿಕೊಟ್ಟರು, ನನ್ನ ಕೈ ಮೇಲೆ ಕೈ ಇಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ನಾಳೆ ನಿನ್ನ ಸರದಿ. ಬ್ರೆಂಟ್ ವಿಷಯ ಎತ್ತಿದ್ರೆ, ಹುಡುಗುಬುದ್ಧಿ, ಮುನಿಸ್ಕೊಂಡು ಹೋದ ಅನ್ನು. ಅದೇನು ಸುಳ್ಳಲ್ವಲ್ಲ.” ನಾನು ಪೈ ತಿನ್ನುತ್ತ ತಲೆಯಾಡಿಸಿದೆ.

ಮರುದಿನ ಆಕೆ ನಿನ್ನ ವಿಷಯ ಎತ್ತಲೇ ಇಲ್ಲ. ಸಭೆಯವರು ಬರೆದ ಹೊಗಳಿಕೆಯನ್ನೆಲ್ಲ ಪಕ್ಕಕ್ಕಿಟ್ಟು, “ಇದು ಊರಿನವರ ಮಾತಾಯ್ತು. ನಿಮಗೇ ತಡ್ಕೊಳೋಕಾಗದ ಕಷ್ಟ ಬಂತು ಅಂತ ಇಟ್ಕೊಳ್ಳಿ. ಈ ಪಾಸ್ಟರ್ ಹತ್ರ ಹೋಗಿ ಹೇಳ್ಕೋತೀರಾ?” ಎಂದು ಕೇಳಿದರು. ಎಂಥ ಪ್ರಶ್ನೆ ಎಂದು ನಗಲು ಹೋದೆ, ನಗು ಬರಲಿಲ್ಲ. ನಾಳೆ ಯಾರದೋ ಮಗಳು, ಯಾರದೋ ಹೆಂಡತಿ ನಿನ್ನ ಅಪ್ಪನ ಕೋಣೆಯ ಬಾಗಿಲು ತಟ್ಟುವುದು ಕಣ್ಣಿಗೆ ಕಟ್ಟಿತು. ಬಾಗಿಲು ಮುಚ್ಚಿದ ಮೇಲೆ ಇವರ ಮುಖ ಹೇಗೆ ಬದಲಾಗುತ್ತದೆ ಎಂದು ಅವರಿಗೇನು ಗೊತ್ತು? “ಇಲ್ಲ” ಎಂದುಬಿಟ್ಟೆ. ಅಷ್ಟು ಹೇಳಿದ್ದೇ ತಡ, ಉಳಿದದ್ದು ತಾನಾಗಿಯೇ ಬಂತು. ಟ್ರ್ಯಾಕ್ಟರಿನ ಬೀಗದ ಕೈ ಕಳೆದದ್ದಕ್ಕೆ ಕೊಟ್ಟಿಗೆಯಲ್ಲಿ ನಿನಗೆ ಬಿದ್ದ ಏಟು, ನಿನ್ನ ಕಿವಿಯಿಂದ ಇಳಿದ ರಕ್ತ, ಕುದುರೆ ಒದೆಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು, ಎಲ್ಲ.

ಆಕೆ ಪೆನ್ನು ಕೆಳಗಿಟ್ಟರು. “ಇದನ್ನ ನಿಮ್ಮ ಹೆಸರಲ್ಲಿ ಬರೆಯಲ್ಲ. ಆದ್ರೆ ಕೇಳಿದ್ದನ್ನ ಕೇಳೇ ಇಲ್ಲ ಅನ್ನೋಕೂ ನನ್ನಿಂದಾಗಲ್ಲ” ಎಂದರು. ಮನೆಗೆ ಹೋಗಲು ಭಯವೇ ಎಂದು ಕೇಳಿದರು. ಇಲ್ಲ ಎಂದೆ. ಆ ಒಂದು ಮಾತು ಸುಳ್ಳು.

ಕೊನೆಯ ದಿನ ಇಬ್ಬರನ್ನೂ ಕೂರಿಸಿಕೊಂಡು, ಮಗನ ಜೊತೆ ಹೇಗಿದ್ದೀರಿ ಎಂದು ನಿನ್ನ ಅಪ್ಪನನ್ನೇ ಕೇಳಿದರು. “ಅವನು ನನ್ನನ್ನ ಕ್ಷಮಿಸಿದ್ದಾನೆ.” “ಅವನೇ ಹೇಳಿದ್ನಾ?” “ದೇವರು ಹೇಳಿದ್ದಾನೆ.” ಡಾಕ್ಟರ್ ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಕಡಿದ ಸದ್ದು ಕೇಳಿಸಿತು. ಈಗ ಗುರುದೀಕ್ಷೆ ಬೇಡ, ಮೊದಲು ಸಿಟ್ಟಿಗೆ ಚಿಕಿತ್ಸೆಯಾಗಲಿ, ಮಗನ ಜೊತೆ ಮುರಿದದ್ದು ಸರಿಹೋಗಲಿ, ಆಮೇಲೆ ಚರ್ಚಿನ ಸಮಿತಿ ಬೇಕಾದರೆ ಮತ್ತೆ ನೋಡಲಿ ಎಂದು ಅಲ್ಲೇ ಹೇಳಿಬಿಟ್ಟರು. ನಿನ್ನ ಅಪ್ಪ ಎದ್ದು ನಿಂತು ಆಕೆಯ ಕೈ ಕುಲುಕಿ ಥ್ಯಾಂಕ್ಸ್ ಹೇಳಿದರು.

ಊರಿಗೆ ಮರಳುತ್ತಿದ್ದೆವು. ಕೊಯ್ಲಾದ ಜೋಳದ ಹೊಲಗಳ ನಡುವೆ ಟ್ರಕ್ ನಿಲ್ಲಿಸಿ, “ಇಳಿ” ಎಂದರು. ಇಳಿದೆ. ಹೊರಟೇಹೋದರು. ಕೋಟು ಟ್ರಕ್ಕಿನಲ್ಲೇ ಉಳಿದಿತ್ತು. ಕತ್ತಲಾಗುವ ಹೊತ್ತಿಗೆ ತಿರುಗಿ ಬಂದು, “ಹತ್ತು” ಎಂದರು. ಅಷ್ಟೆ. ಮನೆಗೆ ಬಂದ ಮೇಲೆ ನನ್ನ ಮೇಲೆ ಕೈಮಾಡಿಲ್ಲ. ಆದರೆ ಪ್ರತಿ ಊಟಕ್ಕೂ ಮುನ್ನ ಪ್ರಾರ್ಥನೆಯಲ್ಲಿ ಒಂದು ಸಾಲು ಸೇರಿಸುತ್ತಾರೆ: “ನಿನ್ನ ಸೇವಕನ ದಾರಿಗೆ ಅಡ್ಡ ಬಂದವರನ್ನ ನೀನೇ ನೋಡ್ಕೊ ತಂದೆ.” ನಾನು ಆಮೆನ್ ಎನ್ನುವವರೆಗೂ ಚಮಚ ಎತ್ತುವುದಿಲ್ಲ. ಸಭೆಯವರು ಕನಿಕರಪಟ್ಟು ಅಡುಗೆ ಮಾಡಿ ತಂದುಕೊಡುತ್ತಿದ್ದಾರೆ. ನನ್ನೊಂದಿಗೆ ಮಾತ್ರ ಕಡಿಮೆ ಮಾತು. “ಅವ್ಳು ಸ್ವಲ್ಪ ಒತ್ತಾಸೆಯಾಗಿ ನಿಂತಿದ್ರೆ ಆಗ್ತಿತ್ತು” ಎಂದು ಸಭೆಯ ಡೊರೋತಿ ನಮ್ಮ ಅಡುಗೆಮನೆಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆ ಕೋಣೆಯಲ್ಲಿರುವ ಆ ಫಿಲಿಪಿನೊ ಹುಡುಗನಿಗೂ ನನ್ನ ನೆನಪು ಹೇಳು. ಪರದೇಶದಂಥ ಆ ದ್ವೀಪದಲ್ಲಿ ದೇವರ ಕಣ್ಣು ನಿನ್ನ ಮೇಲಿರಲಿ, ಮಗಾ.

ನಿನ್ನ ಅಮ್ಮ,
ಅರ್ಡಿಸ್

ಮರೆಯುವ ಮುನ್ನ: ನಿನ್ನ ಅಪ್ಪ ಮುಂದಿನ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ವಿಮಾನದಲ್ಲಿ ನಿನ್ನಲ್ಲಿಗೆ ಬರುತ್ತಾರೆ. ಕ್ಷಮಿಸಿದ್ದೇನೆಂದು ಸಮಿತಿಗೆ ನಿನ್ನಿಂದ ಬರೆಸಿಕೊಳ್ಳಬೇಕಂತೆ. ಅಳುತ್ತಾರೆ, ಆ ಅಳು ನಿಜದ್ದೇ. ಅಮ್ಮನೂ ಬೇಡಿಕೊಂಡಿದ್ದಾಳೆ ಎನ್ನುತ್ತಾರೆ. ನಾನು ಬೇಡಿಲ್ಲ, ಬರೆದುಕೊಡಬೇಡ. ಆದರೆ ಬಾಗಿಲು ತೆಗೆ. ಊಟಕ್ಕೆ ಕೂರಿಸು, ಭಾನುವಾರದವರೆಗೆ ಹೇಗಾದರೂ ಅಲ್ಲೇ ಉಳಿಸಿಕೊ. ಅಷ್ಟರಲ್ಲಿ ನಾನು ಈ ಮನೆ ಬಿಟ್ಟು ಲವಾನ್ ಚಿಕ್ಕಮ್ಮನ ಮನೆ ಸೇರಿರುತ್ತೇನೆ. ಆ ಮನುಷ್ಯನ ಜೊತೆ ಒಂದೇ ಸೂರಿನಡಿ ಇರು ಎಂದು ನಿನ್ನನ್ನು ಕೇಳುವುದು ಎಂಥದೆಂದು ನನಗೆ ಗೊತ್ತು. ಆಗದಿದ್ದರೆ ಈಗಲೇ ಲವಾನ್‌ಗೆ ಫೋನ್ ಮಾಡಿ ಹೇಳು. ಇಲ್ಲಿಗೆ ಮಾಡಬೇಡ.